ಚುಕ್ಕಿಯ ಮೈಯಿಂದ ಗೋಡೆಯವರೆಗೆ: ಉಣ್ಣಿಗಳ ಲೆಕ್ಕದ ಪುಸ್ತಕ

ದಿನ 1

ನಮ್ಮ ನಾಯಿ ಚುಕ್ಕಿ ಕಿವಿ ಕೆರೆದುಕೊಳ್ಳುವುದನ್ನು ನಾಲ್ಕು ದಿನ ನೋಡಿಯೂ ನೋಡದಂತಿದ್ದೆ. ಇಂದು ಕಿವಿಯ ಮಡಿಕೆ ಬಿಡಿಸಿದರೆ ಒಳಗೆ ಸಾಲುಸಾಲು ಉಣ್ಣಿ. ಕಾಲ್ಬೆರಳ ಸಂದು, ಕಂಕುಳು, ಬಾಲದ ಬುಡ, ಕೊರಳಪಟ್ಟಿಯ ಅಡಿ, ಎಲ್ಲ ಸೇರಿ 43.

ಚಿಮಟವನ್ನು ಚರ್ಮಕ್ಕೆ ತಾಗಿಸಿ, ಉಣ್ಣಿಯ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು. ಹೊಟ್ಟೆಗೆ ಕೈ ಹಾಕಿದರೆ ಕೆಲಸ ಕೆಟ್ಟಿತು. ಮೊದಲ ಮೂರನ್ನು ನಾನು ಹಾಗೆಯೇ ಕೆಡಿಸಿದೆ. ಸೀಮೆಎಣ್ಣೆ ಹಚ್ಚು, ಬೆಂಕಿಕಡ್ಡಿ ತಾಗಿಸು ಎಂದಳು ಅಕ್ಕ. ಅದರಿಂದ ನಾಯಿಯ ಚರ್ಮ ಸುಡುವುದು ಖಂಡಿತ, ಉಣ್ಣಿ ಬಿಡುವುದು ಖಂಡಿತವಲ್ಲ. ಕಿತ್ತದ್ದನ್ನೆಲ್ಲ ಸ್ಪಿರಿಟ್ ಸೀಸೆಗೆ ಹಾಕಿದೆ.

ರಕ್ತ ಕುಡಿದು ಬೂದುಬಣ್ಣಕ್ಕೆ ತಿರುಗಿದ ಹೆಣ್ಣು ಉಣ್ಣಿ ಥೇಟ್ ಪುಟ್ಟ ಔಡಲ ಬೀಜ. ಲ್ಯಾಟಿನ್ನಿನಲ್ಲಿ ಎರಡಕ್ಕೂ ಒಂದೇ ಹೆಸರಂತೆ: ರಿಸಿನಸ್. ಹೆಸರಿಟ್ಟವನೂ ನಾಯಿ ಸಾಕಿದ್ದನೋ ಏನೋ.

ದಿನ 2

ಪಶುವೈದ್ಯರು ಚುಕ್ಕಿಯ ತೂಕ ನೋಡಿ ಉಣ್ಣಿ ಕೊಲ್ಲುವ ಫ್ಲೂರಲೇನರ್ ಮಾತ್ರೆ ಕೊಟ್ಟರು. ಒಂದು ಮಾತ್ರೆಗೆ ಸುಮಾರು 12 ವಾರಗಳ ಕಾವಲು. ಹಿಂದೆ ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಮೊದಲೇ ಕೇಳಿದರು. ಅಂಥ ನಾಯಿಗಳಿಗೆ ಈ ಔಷಧಿಯನ್ನು ಯೋಚಿಸಿ ಕೊಡಬೇಕಂತೆ. ಒಸಡು ಬಿಳಿಚಿದೆಯೇ ಎಂದು ತುಟಿ ಎತ್ತಿ ನೋಡಿದರು. ಉಣ್ಣಿ ಹರಡುವ ಎರ್ಲಿಕಿಯಾ ರೋಗದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆಂದು ರಕ್ತಪರೀಕ್ಷೆಯೂ ಆಯಿತು. ಚುಕ್ಕಿಯದು ಸರಿಯಾಗಿದೆ.

ದಿನ 6

ಮೈಮೇಲೆ 7. ಎಲ್ಲವೂ ಒಣಗಿ ಸತ್ತವು. ಈ ಮಾತ್ರೆ ಉಣ್ಣಿಯನ್ನು ಹತ್ತಿರ ಬರದಂತೆ ತಡೆಯುವುದಿಲ್ಲ. ಅದು ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುವುದು. ಗೆದ್ದೆನೆಂದು ಬೀಗಿ ಅಕ್ಕನಿಗೆ ಫೋನ್ ಮಾಡಿದೆ.

ದಿನ 19

ಬೀಗಿದ್ದು ಬೇಗವಾಯಿತು. ರಾತ್ರಿ ದೀಪ ಹಾಕಿದಾಗ ಗೋಡೆಯ ಮೇಲೆ ಎಳ್ಳಿಗಿಂತ ಸಣ್ಣ ಚುಕ್ಕೆಗಳು ಮೇಲಕ್ಕೆ ಹರಿಯುತ್ತಿದ್ದವು. ಭೂತಗನ್ನಡಿ ಹಿಡಿದರೆ ಆರೇ ಕಾಲು: ಆಗಷ್ಟೇ ಮೊಟ್ಟೆಯೊಡೆದ ಮರಿಗಳು. ಎಂಟು ಕಾಲು ಮೂಡುವುದು ಮುಂದಿನ ಹಂತದಲ್ಲಿ.

ಇಷ್ಟು ದಿನ ನಾನು ಎಣಿಸಿದ್ದು ನಾಯಿಯನ್ನು, ಎಣಿಸಬೇಕಾಗಿದ್ದದ್ದು ಮನೆಯನ್ನು. ಈ ಕಂದು ಉಣ್ಣಿ ಮೂರು ಸಲ ನಾಯಿಯ ಮೈಯೇರಿ, ಮೂರು ಸಲವೂ ಕೆಳಗಿಳಿದು ಬಿರುಕು ಸೇರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಚುಕ್ಕಿ ಮಲಗುವ ಮೂಲೆಯ ಮೇಲೆ, ಬಾಗಿಲ ಚೌಕಟ್ಟಿನ ಹಿಂದೆ ಟಾರ್ಚ್ ಬಿಟ್ಟೆ. ಕಂದು ಮಣಿಗಳನ್ನು ಅಂಟಿಸಿಟ್ಟಂತೆ ಹೊಳೆಯುವ ಒಂದು ಗುಪ್ಪೆ, ಪಕ್ಕದಲ್ಲಿ ಸುಕ್ಕುಗಟ್ಟಿದ ತಾಯಿ.

ವ್ಯಾಕ್ಯೂಮ್ ಹಿಡಿದು ಸಂದಿ ಸಂದಿಯನ್ನೂ ಎಳೆದೆ. ಚೀಲವನ್ನು ಕಟ್ಟಿ ಅಂದೇ ಹೊರಗೆ ಹಾಕಿದೆ. ಹಾಸಿಗೆ ಬಟ್ಟೆಗೆ ಬಿಸಿನೀರು, ಬಿರುಕಿಗೆ ಪುಟ್ಟಿ. ಗೋಡೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆಯುವ ಯೋಚನೆ ಬಂದಿತ್ತು, ಆದರೆ ಅದು ಬೆಕ್ಕಿಗೆ ವಿಷ. ಮನೆಯಲ್ಲಿ ಬೆಕ್ಕೂ ಇದೆ, ಬಿಟ್ಟೆ.

ದಿನ 33

ಗೋಡೆಯಲ್ಲಿ 11, ನಾಯಿಯಲ್ಲಿ 2.

ದಿನ 58

ಗೋಡೆಯಲ್ಲಿ 1. ಚುಕ್ಕಿಯ ಮೈಯಲ್ಲಿ ಸೊನ್ನೆ. ಆದರೆ ಹಸಿದ ಉಣ್ಣಿ ತಿಂಗಳುಗಟ್ಟಲೆ ಕಾಯಬಲ್ಲದು, ಹಾಗಾಗಿ ವ್ಯಾಕ್ಯೂಮ್ ನಿಲ್ಲಿಸಿಲ್ಲ.

ದಿನ 84

ಎರಡನೆಯ ಮಾತ್ರೆ. ಊಟದ ಜೊತೆ ಕೊಟ್ಟೆ. ಊಟ ಮುಗಿಸಿ ಮಾತ್ರೆಯನ್ನು ಮಾತ್ರ ಉಗುಳಿದಳು. ಎರಡನೆಯ ಸಲ ಬಾಯಿ ಹಿಡಿದು ಗಂಟಲು ಸವರಿದ ಮೇಲೆ ಇಳಿಯಿತು. ಕಿವಿ ನೋಡಲು ಕೈ ಚಾಚಿದರೆ ಈಗ ತಾನೇ ತಲೆ ಓರೆ ಮಾಡಿ ಕೊಡುತ್ತಾಳೆ.