ಸವೆದ ಹಲಗೆಯ ಮೇಲೆ ಅಮ್ಮನ ಕಾಲು

ಅಮ್ಮನಿಗೆ ಹಾಗಲಕಾಯಿ ಬೇಕಿತ್ತು. ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಸಿಗುವುದು ಬರೀ ಬಾಡಿದ್ದು ಅಂತ ಅವಳ ಬೇಸರ. ಹಾಗಾಗಿ ಒಂದು ಭಾನುವಾರ ರೈಲು ಹತ್ತಿ ಮ್ಯಾನ್‌ಹಟನ್‌ನ ಚೈನಾಟೌನ್‌ಗೆ ಹೋದೆವು. ಹಾಗಲಕಾಯಿ, ಎರಡು ಕಟ್ಟು ಹರಿವೆ ಸೊಪ್ಪು ಚೀಲಕ್ಕೆ ಹಾಕಿಕೊಂಡು ಎಲ್‌ಡ್ರಿಜ್ ಸ್ಟ್ರೀಟಿಗೆ ತಿರುಗುವ ಹೊತ್ತಿಗೆ ಮಳೆ ಶುರುವಾಯಿತು.

ಚೀನೀ ಅಂಗಡಿಗಳ ಬೋರ್ಡುಗಳ ನಡುವೆ ಒಂದು ದೊಡ್ಡ ಹಳೇ ಕಟ್ಟಡ. ನಡುವೆ ದುಂಡನೆಯ ಕಿಟಕಿ, ಅಲ್ಲಲ್ಲಿ ಆರು ಮೂಲೆಯ ನಕ್ಷತ್ರ. "ಇದು ಯಾರ ದೇವಸ್ಥಾನ ಪುಟ್ಟಾ?" ಅಂದಳು ಅಮ್ಮ. ಯಹೂದಿಗಳ ಸಿನಗಾಗ್ ಇದು, ಈಗ ಮ್ಯೂಸಿಯಂ ಕೂಡ ಆಗಿದೆ ಅಂದೆ. ಎಷ್ಟೋ ಸಲ ನೋಡಬೇಕು ಅಂದುಕೊಂಡಿದ್ದ ಜಾಗ. ಮಳೆಯೇ ಒಳಗೆ ಕರೆದುಕೊಂಡು ಹೋಯಿತು.

ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಡಲು ಬಗ್ಗಿದಳು. ಇಲ್ಲಿ ಬಿಡಬೇಕಾಗಿಲ್ಲ ಅಂದರೂ ಕೇಳಲಿಲ್ಲ. ಗೈಡ್ ಆಗಿದ್ದವರು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ಅಮ್ಮನ ಬರಿಗಾಲು ನೋಡಿದರು, ಏನೂ ಅನ್ನಲಿಲ್ಲ. ಚಪ್ಪಲಿ ಇಡಲು ಒಂದು ಕುರ್ಚಿಯ ಕೆಳಗೆ ಜಾಗ ತೋರಿಸಿದರು. ಅಲ್ಲಿಂದಲೇ ಇಬ್ಬರಿಗೂ ಸ್ನೇಹ. ಒಬ್ಬರಿಗೆ ಕನ್ನಡ ಬರದು, ಇನ್ನೊಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಡುವೆ ನಾನು.

ಒಳಗೆ ಹೋದರೆ ತಲೆ ತಾನಾಗಿ ಮೇಲೆ ಹೋಗುತ್ತದೆ. ಎತ್ತರದ ಕಮಾನು ಚಾವಣಿ, ಬಣ್ಣದ ಗಾಜು, ಹಿತ್ತಾಳೆ ದೀಪಗಳು. ಎದುರಿನ ಪೂರ್ವದ ಗೋಡೆಯಲ್ಲಿ ಯಹೂದಿಗಳ ಧರ್ಮಗ್ರಂಥ ಟೋರಾದ ಸುರುಳಿಗಳನ್ನು ಇಡುವ ಕೆತ್ತನೆಯ ದೊಡ್ಡ ಬೀರು. ಜೆರುಸಲೇಮ್ ಕಡೆ ಮುಖ ಮಾಡಿ ಪ್ರಾರ್ಥನೆ ಮಾಡಬೇಕಲ್ಲ, ಅದಕ್ಕೇ ಪೂರ್ವ. ಸಿನಗಾಗ್‌ಗಳಲ್ಲಿ ಈ ಬೀರುವಿನ ಮುಂದೆ ಸದಾ ಉರಿಯುವ ದೀಪ ಇರುತ್ತದೆ ಅಂತ ಅಜ್ಜಿ ಹೇಳಿದ್ದೇ, ಅಮ್ಮ "ನಂದಾದೀಪ" ಅಂದಳು. ಅದನ್ನು ನಾನು ಅನುವಾದ ಮಾಡುವುದೇ ಬೇಕಾಗಲಿಲ್ಲ.

ಆದರೆ ಅಮ್ಮ ಮೇಲೆ ಜಾಸ್ತಿ ಹೊತ್ತು ನೋಡಲಿಲ್ಲ. ಬರಿಗಾಲಲ್ಲಿ ಇದ್ದಳಲ್ಲ, ಬೆಂಚುಗಳ ಸಾಲಿನೊಳಗೆ ಹೋಗಿ ನಿಂತವಳು ಕೆಳಗೆ ನೋಡತೊಡಗಿದಳು. "ಇಲ್ಲಿ ಹಲಗೆ ಯಾಕೆ ಹೀಗೆ ಗುಳಿ ಬಿದ್ದಿದೆ ಕೇಳು." ಬಗ್ಗಿ ಮುಟ್ಟಿದೆ. ಪೈನ್ ಮರದ ಹಲಗೆ. ನಿಂತವರ ಪಾದ ಬರುವ ಕಡೆ ಮಾತ್ರ ನುಣುಪಾದ ತಗ್ಗು. ಕೈಯಾಡಿಸಿದರೆ ಅಂಗೈಗೆ ಸರಿಯಾಗಿ ಗೊತ್ತಾಗುತ್ತದೆ.

ಅಜ್ಜಿಯ ಮುಖ ಅರಳಿತು. ಯಹೂದಿಗಳು ಪ್ರಾರ್ಥನೆ ಹೇಳುವಾಗ ಸುಮ್ನೆ ನಿಲ್ಲುವುದಿಲ್ಲ, ಹಿಂದೆ ಮುಂದೆ ತೂಗುತ್ತಾರೆ. ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ಮೈಯ ಭಾರ ಹೋಗಿ ಬರುತ್ತದೆ. ಎಷ್ಟೋ ವರ್ಷ, ಎಷ್ಟೋ ಶನಿವಾರ, ಅದೇ ಜಾಗದಲ್ಲಿ ಅದೇ ಕಾಲುಗಳು. ಹಾಗೆ ಸವೆದ ಹಲಗೆ ಇದು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, ತೀರ್ಥಹಳ್ಳಿ ಹತ್ತಿರದ ಅವಳ ತವರುಮನೆಯಲ್ಲಿ ಒರಳಿನ ಪಕ್ಕ ಅವಳ ಅಮ್ಮ ಹಿಮ್ಮಡಿ ಊರುತ್ತಿದ್ದ ಕಡೆ ಕಾವಿ ನೆಲ ಹೀಗೇ ಗುಳಿ ಬಿದ್ದಿತ್ತಂತೆ. ಮನೆ ರಿಪೇರಿಯಲ್ಲಿ ಅದು ಹೋಯಿತು. "ಇವರು ಉಳಿಸಿಕೊಂಡಿದ್ದಾರೆ ನೋಡು" ಅಂದಳು.

ಉಳಿಸಿಕೊಂಡಿದ್ದು ಸುಲಭದಲ್ಲಿ ಅಲ್ಲ. 1881ರಲ್ಲಿ ರಷ್ಯಾದ ತ್ಸಾರ್ ಎರಡನೇ ಅಲೆಕ್ಸಾಂಡರ್ ಕೊಲೆಯಾದ ಮೇಲೆ ಅಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದವು. ದಾಳಿಗೂ ಬಡತನಕ್ಕೂ ಬೇಸತ್ತು, ಮುಂದಿನ ನಾಲ್ಕು ದಶಕಗಳಲ್ಲಿ ಪೂರ್ವ ಯೂರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಬಹಳ ಜನ ಮೊದಲು ಇಳಿದದ್ದು ಲೋಯರ್ ಈಸ್ಟ್ ಸೈಡ್‌ನ ಇವೇ ಬೀದಿಗಳಲ್ಲಿ. ಗಾಳಿ ಬೆಳಕಿಲ್ಲದ ಕೋಣೆಗಳು, ಬಟ್ಟೆ ಹೊಲಿಯುವ ಕೆಲಸ. ಅಂಥವರು 1887ರಲ್ಲಿ ಕಟ್ಟಿ ಮುಗಿಸಿದ ಸಿನಗಾಗ್ ಇದು. ತಾವು ಇರುವ ಕೋಣೆಗೆ ಕಿಟಕಿ ಇಲ್ಲದಿದ್ದರೂ ದೇವರ ಮನೆಗೆ ಇಷ್ಟು ಬಣ್ಣದ ಕಿಟಕಿ ಇಟ್ಟರು.

ಆಮೇಲೆ ಜನ ಬ್ರೂಕ್ಲಿನ್, ಬ್ರಾಂಕ್ಸ್ ಕಡೆ ಹೋದರು. 1950ರ ದಶಕದ ಹೊತ್ತಿಗೆ ಈ ದೊಡ್ಡ ಸಭಾಂಗಣಕ್ಕೆ ಬಾಗಿಲು ಬಿತ್ತು. ಆದರೆ ಕೆಳಗಿನ ಚಿಕ್ಕ ಕೋಣೆಯಲ್ಲಿ ಬೆರಳೆಣಿಕೆಯಷ್ಟು ಜನ ಪ್ರಾರ್ಥನೆ ಬಿಡಲಿಲ್ಲ. ಅವರಲ್ಲಿ ಕೆಲವು ಪ್ರಾರ್ಥನೆ ಹೇಳಬೇಕಾದರೆ ಹತ್ತು ಜನ ಸೇರಲೇಬೇಕು. ಹತ್ತನೆಯವನಿಗಾಗಿ ಕಾಯುತ್ತಾ ಕೂತ ಆ ಮುದುಕರನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ. 1971ರಲ್ಲಿ ಜೆರಾರ್ಡ್ ವುಲ್ಫ್ ಎಂಬ ಪ್ರೊಫೆಸರ್ ಮೇಲಿನ ಬಾಗಿಲು ತೆಗೆಸಿ ಒಳಗೆ ಹೋದಾಗ ಕಂಡದ್ದು ಧೂಳು ಮತ್ತು ಪಾರಿವಾಳ. ದುಡ್ಡು ಕೂಡಿಸಿ, ಒಂದೊಂದೇ ಭಾಗ ಸರಿಮಾಡಿ ಮುಗಿಸಿದ್ದು 2007ರಲ್ಲಿ.

ಮಂಡಿ ನೋವಿದ್ದರೂ ಅಮ್ಮ ಮೇಲಿನ ಬಾಲ್ಕನಿಗೆ ಹತ್ತಿದಳು. ಹೆಂಗಸರು ಕೂರುತ್ತಿದ್ದ ಜಾಗ ಅದು. ಅಲ್ಲಿ ಗೋಡೆಯ ಒಂದು ತುಂಡನ್ನು ರಿಪೇರಿ ಮಾಡದೆ ಹಾಗೇ ಬಿಟ್ಟಿದ್ದಾರೆ. ಗಾರೆ ಉದುರಿ, ಒಳಗಿನ ಮರದ ಪಟ್ಟಿಗಳು ಕಾಣುತ್ತವೆ. ಎಲ್ಲಿಂದ ಎಲ್ಲಿಗೆ ಬಂತು ಅಂತ ಜನ ಮರೆಯಬಾರದು ಅಂತ.

ಅಲ್ಲೇ ಬೆಂಚಿನ ಮೇಲೆ ಕೂತು ಅಮ್ಮ ಕೇಳಿದಳು, "ಆಮೇಲೆ ಹೊಸಬರು ಯಾರೂ ಬರಲಿಲ್ವಾ?"

ಬರಲು ಬಿಡಲಿಲ್ಲ ಅಂದೆ. ಸಿಟಿಜನ್‌ಶಿಪ್ ಪರೀಕ್ಷೆಗೆ ಓದುವಾಗ ಅಲ್ಲಿ ಇಲ್ಲಿ ಹುಡುಕಿ ತಿಳಿದುಕೊಂಡ ಕತೆ ಅದು. 1924ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. 1890ರಲ್ಲಿ ಯಾವ ದೇಶದವರು ಇಲ್ಲಿ ಎಷ್ಟಿದ್ದರೋ ಅದರ ನೂರಕ್ಕೆ ಎರಡರಷ್ಟು ಜನರಿಗೆ ಮಾತ್ರ ವರ್ಷಕ್ಕೆ ಪ್ರವೇಶ. ಪೂರ್ವ ಯೂರೋಪಿನ ಯಹೂದಿಗಳು ಬಹುಪಾಲು ಬಂದದ್ದೇ 1890 ಆದ ಮೇಲೆ. ಲೆಕ್ಕ ಹಾಕಿಯೇ ಹಾಕಿದ ಬೀಗ ಅದು. ಭಾರತದವರಿಗಂತೂ 1917ರಲ್ಲೇ ಬಾಗಿಲು ಮುಚ್ಚಿತ್ತು. ಆ ಬೀಗದ ಬೆಲೆ ಏನು ಅಂತ 1939ರಲ್ಲಿ ಜಗತ್ತು ನೋಡಿತು. ಹಿಟ್ಲರನ ಜರ್ಮನಿಯಿಂದ 900ಕ್ಕೂ ಹೆಚ್ಚು ಜನರನ್ನು ಹೊತ್ತು ಬಂದ ಸೇಂಟ್ ಲೂಯಿಸ್ ಹಡಗು, ಬಹುತೇಕ ಎಲ್ಲರೂ ಯಹೂದಿಗಳು, ಮಯಾಮಿಯ ದೀಪಗಳು ಕಾಣುವಷ್ಟು ಹತ್ತಿರ ಬಂದು ವಾಪಸ್ ಹೋಗಬೇಕಾಯಿತು. ಅವರಲ್ಲಿ 254 ಜನ ಯೂರೋಪಿನಲ್ಲಿ ನಾಜಿಗಳ ಕಾಲದ ಹತ್ಯಾಕಾಂಡದಲ್ಲಿ ಸತ್ತರು.

ಆ 1924ರ ಕಾನೂನಿನ ವಿರುದ್ಧ ಸಂಸತ್ತಿನಲ್ಲಿ ಎದ್ದು ಮಾತಾಡಿದ ಒಬ್ಬ ಹೊಸ ಸದಸ್ಯರಿದ್ದರು. ಇಮ್ಯಾನ್ಯುಯಲ್ ಸೆಲ್ಲರ್, ಬ್ರೂಕ್ಲಿನ್‌ನ ಯಹೂದಿ. ಸೋತರು. ಆದರೆ ಬಿಡಲಿಲ್ಲ. 1946ರಲ್ಲಿ ಅವರ ಹೆಸರಿನ ಕಾನೂನಿನಿಂದಲೇ ಭಾರತದವರಿಗೆ ಇಲ್ಲಿ ಪೌರತ್ವ ಪಡೆಯುವ ಹಕ್ಕು ಸಿಕ್ಕಿತು, ವರ್ಷಕ್ಕೆ ನೂರು ಜನ ಬರಬಹುದು ಅಂತಲೂ ಆಯಿತು. ಆಮೇಲೆ 1965ರಲ್ಲಿ, ಸೆನೆಟರ್ ಫಿಲಿಪ್ ಹಾರ್ಟ್ ಜೊತೆ ಸೇರಿ, ಆ ಹಳೇ ಲೆಕ್ಕವನ್ನೇ ತೆಗೆದುಹಾಕಿಸಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಸಹಿ ಹಾಕಿದ್ದು ಅಕ್ಟೋಬರ್ 3ರಂದು, ಲಿಬರ್ಟಿ ಪ್ರತಿಮೆಯ ಬುಡದಲ್ಲಿ. ಮೊದಲ ಭಾಷಣಕ್ಕೂ ಈ ಸಹಿಗೂ ನಡುವೆ 41 ವರ್ಷ.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ನಿನ್ನ ದೊಡ್ಡಪ್ಪ ಡಾಕ್ಟರಾಗಿ ಇಲ್ಲಿಗೆ ಬಂದಿದ್ದು 71ರಲ್ಲಿ."

"ಹೌದಮ್ಮ, ಆ ಕಾನೂನಿನಿಂದಲೇ."

"ದೊಡ್ಡಪ್ಪ ಕರೆಸಿಕೊಂಡು ಓದಿಸದಿದ್ದರೆ ನೀನು?"

ನಾನು ಏನೂ ಹೇಳಲಿಲ್ಲ. ನಮ್ಮ ಕಡೆಯವರು ಅಮೆರಿಕಕ್ಕೆ ಬಂದದ್ದು ಓದು, ಬುದ್ಧಿ, ಕಷ್ಟಪಟ್ಟಿದ್ದಕ್ಕೆ ಅಂತ ನಾವು ಹೇಳಿಕೊಳ್ಳುತ್ತೇವೆ. ಅದೂ ನಿಜ. ಆದರೆ ಬಾಗಿಲು ಮುಚ್ಚಿದ್ದರೆ ಓದಿನ ಸರ್ಟಿಫಿಕೇಟು ಹಿಡಿದು ಎಲ್ಲಿ ನಿಲ್ಲುತ್ತಿದ್ದೆವು? ಆ ಬಾಗಿಲು ತಳ್ಳಿದವರ ಹೆಸರು ನಮ್ಮ ಮನೆಗಳಲ್ಲಿ ಗೊತ್ತಿರಬೇಕಿತ್ತು.

"ಆ ಸೆಲ್ಲರ್ ಈಗ ಇದ್ದಾರಾ?" ಅಂದಳು ಅಮ್ಮ. 1981ರಲ್ಲೇ ತೀರಿಕೊಂಡರು ಅಂದೆ. "ಛೇ" ಅಂದಳು, ನೆಂಟರ ಸುದ್ದಿ ಕೇಳಿದ ಹಾಗೆ.

ಕೆಳಗೆ ಬಂದು ಚಪ್ಪಲಿ ಹಾಕಿಕೊಳ್ಳುವ ಮೊದಲು ಅಮ್ಮ ಇನ್ನೊಂದು ಸಲ ಆ ಸಾಲಿಗೆ ಹೋದಳು. ಗುಳಿಯ ಮೇಲೆ ಎರಡೂ ಪಾದ ಇಟ್ಟು, ಬೀರುವಿನ ಕಡೆ ತಿರುಗಿ ಕೈಮುಗಿದಳು.

ಬಾಗಿಲ ಹತ್ತಿರ ಕಾಣಿಕೆ ಡಬ್ಬಿ ಇತ್ತು. ಅಮ್ಮ ಪರ್ಸಿನಿಂದ ಹತ್ತರ ಒಂದು ನೋಟು, ಒಂದರ ಒಂದು ನೋಟು ತೆಗೆದಳು. ಹನ್ನೊಂದು ಯಾಕೆ ಅಂತ ಅಜ್ಜಿ ಕೇಳಿದರು. ನಮ್ಮಲ್ಲಿ ಮೇಲೊಂದು ಸೇರಿಸಿ ಕೊಡುತ್ತೇವೆ ಅಂದೆ. ಅಜ್ಜಿಗೆ ಖುಷಿಯೋ ಖುಷಿ. ನಮ್ಮಲ್ಲಿ ಹದಿನೆಂಟು ಅಂದರು. ಹೀಬ್ರೂವಿನಲ್ಲಿ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ. 'ಜೀವಂತ' ಎಂಬ ಅರ್ಥದ 'ಖಾಯ್' ಎಂಬ ಪದದ ಎರಡು ಅಕ್ಷರ ಕೂಡಿದರೆ ಹದಿನೆಂಟು. ಅದಕ್ಕೇ ದಾನ ಕೊಡುವಾಗ ಹದಿನೆಂಟು ಕೊಡುವ ರೂಢಿ.

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಹಾಗಲಕಾಯಿ ಚೀಲವನ್ನು ನನ್ನ ಕೈಗೆ ಕೊಟ್ಟು, ಪರ್ಸು ಮತ್ತೆ ತೆರೆದು, ಒಂದೊಂದಾಗಿ ಏಳು ನೋಟು ಎಣಿಸಿ ಹಾಕಿದಳು.