ಐಕಾನ್ ಪರೀಕ್ಷೆ: ಪೆಟ್ಟಿಗೆ ಹೋಯ್ತು, ಆಲಿಕೆ ಉಳೀತು

ಓದಿದ ಪುಸ್ತಕಗಳ ಟಿಪ್ಪಣಿ ಇಟ್ಟುಕೊಳ್ಳೋಕೆ ಒಂದು ಪುಟ್ಟ ವೆಬ್‌ಸೈಟ್ ಕಟ್ಟುತ್ತಿದ್ದೇನಲ್ಲ, ಅದರಲ್ಲಿ ಈ ಸಲ ಕೋಡ್ ಜಾಸ್ತಿ ಬರೆದಿಲ್ಲ. ಟೂಲ್‌ಬಾರ್‌ನ ಐಕಾನ್‌ಗಳನ್ನು ಜನರಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಂಡೆ.

ಮೊದಲು ಒಂದೊಂದೇ ಐಕಾನ್ ತೋರಿಸಿ, "ಇದನ್ನು ಒತ್ತಿದರೆ ಏನಾಗುತ್ತೆ?" ಅಂತ ಕೇಳಿದೆ. ಉತ್ತರಕ್ಕೆ ಆಯ್ಕೆಗಳನ್ನು ಕೊಡಲಿಲ್ಲ. ಕೊಟ್ಟರೆ ಅಳೆದು ತೂಗಿ ಸರಿಯಾದದ್ದನ್ನೇ ಆರಿಸಿಬಿಡುತ್ತಾರೆ. ಆಮೇಲೆ ಇಡೀ ಪುಟ ತೋರಿಸಿ ಒಂದು ಕೆಲಸ ಹೇಳಿದೆ, ಮೊದಲ ಕ್ಲಿಕ್ ಎಲ್ಲಿ ಬೀಳುತ್ತೆ ನೋಡಿದೆ.

ಭೂತಕನ್ನಡಿ, ಮನೆ, ಕಸದ ಬುಟ್ಟಿ ಸಲೀಸಾಗಿ ಪಾಸಾದವು. ಮೂರು ಗೆರೆಯ ಮೆನುವೂ ಅಷ್ಟೇ. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್‌ಗೆ ನಾರ್ಮ್ ಕಾಕ್ಸ್ ಬರೆದ ಚಿತ್ರ ಅದು. ಇಷ್ಟು ವರ್ಷ ನೋಡಿ ನೋಡಿ ರೂಢಿಯಾಗಿದೆ, ಅಲ್ವಾ?

ಎಡವಟ್ಟಾಗಿದ್ದು ಆರ್ಕೈವ್‌ನಲ್ಲಿ, ಅಂದರೆ ಟಿಪ್ಪಣಿಯನ್ನು ಅಳಿಸದೆ ಪಟ್ಟಿಯಿಂದ ಎತ್ತಿಡುವ ಬಟನ್‌ನಲ್ಲಿ. ಪೆಟ್ಟಿಗೆಯೊಳಗೆ ಇಳಿಯುವ ಬಾಣ. ನೋಡಿದವರೆಲ್ಲ "ಡೌನ್‌ಲೋಡ್" ಅಂದರು, ಒಂದು ಕ್ಷಣವೂ ಯೋಚಿಸದೆ. "ಗೊತ್ತಿಲ್ಲ" ಅಂದಿದ್ದರೆ ನನಗೆ ಚಿಂತೆ ಇರಲಿಲ್ಲ. ಗೊತ್ತಿಲ್ಲದವರು ನಿಧಾನಿಸುತ್ತಾರೆ. ಗೊತ್ತು ಅಂದುಕೊಂಡವರು ಒತ್ತಿಯೇಬಿಡುತ್ತಾರೆ, ಟಿಪ್ಪಣಿ ಪಟ್ಟಿಯಿಂದ ಮಾಯವಾದಾಗ ಗಾಬರಿಯಾಗುತ್ತಾರೆ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಎಎನ್‌ಎಸ್‌ಐ ಝಡ್535.3 ಮಾನದಂಡದಲ್ಲಿ ಇದಕ್ಕೆ ಬೇರೆಯೇ ಲೆಕ್ಕವಿದೆ: ಕನಿಷ್ಠ ಶೇ. 85 ಸರಿ ಉತ್ತರ ಬರಬೇಕು, ಅಪಾಯ ತರುವಂಥ ತಪ್ಪು ಅರ್ಥ ಶೇ. 5 ದಾಟಬಾರದು. ನನ್ನ ಸೈಟಿನಿಂದ ಯಾರ ಪ್ರಾಣವೂ ಹೋಗಲ್ಲ, ಆದರೂ ನನ್ನ ಶೀಟ್‌ನಲ್ಲಿ "ಧೈರ್ಯವಾಗಿ ತಪ್ಪು" ಅಂತ ಒಂದು ಕಾಲಂ ಸೇರಿಸಿಕೊಂಡೆ. ಬಾಣ ತೆಗೆದು ಬರೀ ಪೆಟ್ಟಿಗೆ ತೋರಿಸಿದರೆ "ಪಾರ್ಸೆಲ್ಲಾ?" ಅಂದರು. ಸಾಕಾಯ್ತು. ಅಲ್ಲಿ ಈಗ ಚಿತ್ರವೇ ಇಲ್ಲ, "ಎತ್ತಿಡು" ಅನ್ನುವ ಬಟನ್ ಮಾತ್ರ.

ಫಿಲ್ಟರ್‌ನ ಕಥೆ ಇದಕ್ಕೆ ಉಲ್ಟಾ. ಆಲಿಕೆಯ ಚಿತ್ರ ಒಂದನ್ನೇ ತೋರಿಸಿದಾಗ ಹೆಚ್ಚಿನವರು ಸುಮ್ಮನಾದರು. ಅದೇ ಆಲಿಕೆ ಪಟ್ಟಿಯ ತಲೆಯ ಮೇಲೆ ಕೂತಾಗ, "2019ರಲ್ಲಿ ಓದಿದ್ದನ್ನಷ್ಟೇ ತೋರಿಸಿ" ಅಂದ ತಕ್ಷಣ ಬೆರಳು ನೇರ ಅಲ್ಲಿಗೇ ಹೋಯಿತು. ಆಲಿಕೆಯ ಬದಲು ಸ್ಲೈಡರ್ ಚಿತ್ರವನ್ನೂ (ಗೆರೆಗಳ ಮೇಲೆ ಸರಿಯುವ ಗುಂಡಿಗಳು) ಇಟ್ಟು ನೋಡಿದೆ. ಪಕ್ಕದಲ್ಲೇ ಸೆಟ್ಟಿಂಗ್ಸ್‌ನ ಹಲ್ಲುಚಕ್ರ ಇದ್ದದ್ದರಿಂದ ಎರಡೂ ಒಂದೇ ಅಂದುಕೊಂಡರು. ಹಾಗಾಗಿ ಆಲಿಕೆ ಉಳಿಯಿತು, ಕೆಳಗೆ ಲೇಬಲ್ ಸಮೇತ. ಮೌಸ್ ಇಟ್ಟಾಗ ಮಾತ್ರ ಕಾಣುವ ಹೆಸರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು?

ಇಷ್ಟದ ಪುಸ್ತಕಕ್ಕೆ ಹೃದಯ ಬೇಡ ಅಂತ ತೀರ್ಮಾನಿಸಿದೆ. "ಇದನ್ನು ಒತ್ತಿದರೆ ಬೇರೆಯವರಿಗೆ ಕಾಣುತ್ತಾ?" ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬಂತು. ನಕ್ಷತ್ರಕ್ಕೆ ಆ ಅನುಮಾನ ಬರಲಿಲ್ಲ.

ಜೊತೆಗೆ ಚಿಲ್ಲರೆ ಕೆಲಸವೂ ಮುಗಿಯಿತು. ತೆಳು ಬೂದು ಗೆರೆಗಳನ್ನು ಗಾಢ ಮಾಡಿದೆ, ವೆಬ್‌ಸೈಟ್ ಎಲ್ಲರಿಗೂ ಬಳಸೋಕೆ ಆಗುವಂತಿರಲಿ ಅಂತ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಕೇಳುವ 3:1 ಕಾಂಟ್ರಾಸ್ಟ್ ಈಗ ಸಿಗುತ್ತೆ. ಒತ್ತುವ ಜಾಗಕ್ಕೆ ಅದು ಹೇಳುವ ಕನಿಷ್ಠ ಅಳತೆ 24×24 ಸಿಎಸ್‌ಎಸ್ ಪಿಕ್ಸೆಲ್. ನಾನು 44 ಕೊಟ್ಟಿದ್ದೇನೆ.

ಬಾಕಿ ಇರೋದು ಶೇರ್ ಐಕಾನ್. ಆಂಡ್ರಾಯ್ಡ್ ಬಳಸುವವರಿಗೆ ಗೆರೆಯಿಂದ ಜೋಡಿಸಿದ ಮೂರು ಚುಕ್ಕಿ ಪರಿಚಯ, ಐಫೋನ್‌ನವರಿಗೆ ಪೆಟ್ಟಿಗೆಯಿಂದ ಮೇಲೇಳುವ ಬಾಣ. ಮುಂದಿನ ಸಲ ಎರಡೂ ಕಡೆಯವರಿಗೆ ಚಿತ್ರ ಅದಲು ಬದಲು ಮಾಡಿ ತೋರಿಸುತ್ತೇನೆ.