ಹಳೆಯ ಸ್ಕಾಟ್ಸ್‌ನಲ್ಲಿ ಕಹಳೆಯೂ ಕಹಳೆಯವನೂ ಒಂದೇ ಪದ

ರಾಜ ನಾಲ್ಕನೇ ಜೇಮ್ಸ್ (1488–1513) ಕಾಲದ ಸ್ಕಾಟ್ಲೆಂಡ್ ಖಜಾನೆಯ ಲೆಕ್ಕಗಳಲ್ಲಿ ‘ಟ್ರಂಪೆಟಿಸ್’ಗೆ ಹಣ ಕೊಟ್ಟಿದ್ದು ಕಾಣುತ್ತದೆ. ಅದು ವಾದ್ಯದ ಬೆಲೆಯಲ್ಲ, ಊದುವವರ ಸಂಬಳ. ಸ್ಕಾಟ್ಲೆಂಡ್‌ನ ಭಾಷೆಯಾದ ಹಳೆಯ ಸ್ಕಾಟ್ಸ್‌ನಲ್ಲಿ ‘ಟ್ರಂಪೆಟ್’, ‘ಟ್ರಂಪಟ್’ ಎಂದರೆ ಕಹಳೆಯೂ ಹೌದು, ಕಹಳೆಯವನೂ ಹೌದು. ನಾವು “ತಬಲಾ ಇನ್ನೂ ಬಂದಿಲ್ಲ” ಅನ್ನುವುದಿಲ್ಲವೇ, ಹಾಗೆ.

ಯಾವ ಅರ್ಥವೆಂದು ತಿಳಿಯಲು ಪಕ್ಕದ ಪದ ನೋಡಬೇಕು. ಸಂಬಳ, ಬಟ್ಟೆ, ಪ್ರಯಾಣದ ಖರ್ಚು ಇದ್ದರೆ ಮನುಷ್ಯ. ‘ಬ್ಲಾ’, ಅಂದರೆ ಊದು, ಎಂಬ ಕ್ರಿಯಾಪದಕ್ಕೆ ಕರ್ಮವಾಗಿದ್ದರೆ ವಾದ್ಯ. ಕೊನೆಯ ‘-ಇಸ್’ ಬರೀ ಬಹುವಚನ, ಅದರಿಂದ ಏನೂ ತೀರ್ಮಾನವಾಗದು. ಕಾಗುಣಿತವಂತೂ ಬರೆದವನ ಇಷ್ಟ. ನಿಘಂಟಿನಲ್ಲಿ ಒಂದೇ ರೂಪ ಹುಡುಕಿದರೆ ಅರ್ಧ ಉದಾಹರಣೆ ತಪ್ಪಿಹೋಗುತ್ತವೆ. ‘ಟ್ರಂ-’ ಜೊತೆ ‘ಟ್ರೊಂ-’ ಕೂಡ ಹಾಕಿ ನೋಡಿ. ಕಹಳೆಗಿದ್ದ ಇನ್ನೂ ಹಳೆಯ ಪದ ‘ಬೀಮ್’ ಬೇರೆ ಬೇರಿನದು, ಹಳೆಯ ಇಂಗ್ಲಿಷ್‌ನಿಂದ ಬಂದದ್ದು.

ಹೆಚ್ಚು ಜನ ಎಡವುವುದು ‘ಟ್ರಂಪ್’ನಲ್ಲಿ. ಅದು ಕಹಳೆಯೂ ಆಗಬಹುದು, ಹಲ್ಲಿಗೆ ಒತ್ತಿ ಬೆರಳಲ್ಲಿ ಮೀಟುವ ಮೋರ್ಸಿಂಗ್ ಕೂಡ ಆಗಬಹುದು. 1590–91ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ನಡೆದ ನಾರ್ತ್ ಬೆರಿಕ್ ಮಾಟಗಾತಿಯರ ಪ್ರಕರಣದಲ್ಲಿ ಆರೋಪಿ ಗೀಲಿಸ್ ಡಂಕನ್ ರಾಜ ಆರನೇ ಜೇಮ್ಸ್ ಎದುರು ನುಡಿಸಿದಳೆನ್ನುವ ‘ಟ್ರಂಪ್’ ಮೋರ್ಸಿಂಗೇ. ಕಹಳೆ ಎಂದು ಅನುವಾದಿಸಿದರೆ ಇಡೀ ದೃಶ್ಯವೇ ಕೆಡುತ್ತದೆ. ಇನ್ನು ‘ಟ್ರಂಪೂರ್’ ಸಾಮಾನ್ಯವಾಗಿ ಮೋಸಗಾರ. ಫ್ರೆಂಚ್‌ನ ‘ವಂಚಿಸು’ ಕ್ರಿಯಾಪದದ ಕಡೆಯವನು.